‘ಏನೂ ಇಲ್ಲ’ ಎಂಬ ವರದಿ: ಆತಂಕವೂ ಮಿದುಳಿನ ಚಿತ್ರವೂ

(ಕಲಬುರಗಿಯ ರೋಜಾ ಬಡಾವಣೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಹೊರಗಿನವರಿಗೆ ನಮ್ಮ ರೋಜಾ ಬಡಾವಣೆಯ ಹೆಸರು ಹೇಳಿದರೆ ಹೂವು ನೆನಪಾಗುತ್ತದೆ. ‘ಅಲ್ಲಿ ಗುಲಾಬಿ ತೋಟ ಇತ್ತಾ?’ ಎಂದು ಬೆಂಗಳೂರಿನ ಗೆಳೆಯರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು, ಇದು ಹೂವಿನ ಹೆಸರಲ್ಲ. ರೌಝಾ ಎಂದರೆ ಸಂತರ ಸಮಾಧಿ ಇರುವ ಜಾಗ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದಾನವಾಜರ ದರ್ಗಾದಿಂದ ನಮಗೆ ಬಂದ ಹೆಸರು ಅದು. ಹೇಳಿದವರ ಮನಸ್ಸಿನಲ್ಲಿ ಒಂದು ಅರ್ಥ, ಕೇಳಿದವರ ಕಿವಿಯಲ್ಲಿ ಇನ್ನೊಂದು.

ನನ್ನ ವೃತ್ತಿಯಲ್ಲಿಯೂ ಅಂಥ ಒಂದು ಪದ ಇದೆ: ‘ನಾರ್ಮಲ್’. ನಾನು ರೇಡಿಯಾಲಜಿಸ್ಟ್. ರೋಗಿಗಳ ಜೊತೆ ಕೂತು ಮಾತಾಡುವ ಡಾಕ್ಟರಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಅವರ ಒಳಗಿನ ಚಿತ್ರಗಳನ್ನು ಓದುವವನು. ದಿನಕ್ಕೆ ಹತ್ತಾರು ಸಲ ಆ ಪದವನ್ನು ಬರೆಯುತ್ತೇನೆ. ಗಡ್ಡೆ ಇಲ್ಲ, ರಕ್ತ ಸೋರಿಲ್ಲ, ಪಾರ್ಶ್ವವಾಯುವಿನ ಗುರುತಿಲ್ಲ ಎಂಬುದನ್ನೆಲ್ಲ ಸೇರಿಸಿ ಒಂದು ಮಾತಿನಲ್ಲಿ ‘ನಾರ್ಮಲ್’ ಎನ್ನುತ್ತೇನೆ. ಅದು ರೋಗಿಯ ಕಿವಿಗೆ ತಲುಪುವಾಗ ‘ನಿನಗ ಏನೂ ಇಲ್ಲ’ ಎಂದಾಗಿರುತ್ತದೆ. ಮನೆ ಮುಟ್ಟುವ ಹೊತ್ತಿಗೆ ‘ಸುಮ್ಮನ ನಾಟಕ ಮಾಡ್ತಾನ’ ಎಂದಾಗುತ್ತದೆ. ಈ ಮೂರು ಮಾತುಗಳ ನಡುವಿನ ದೂರವನ್ನು ಅಳೆಯುವುದೇ ಇಂದಿನ ಉಪನ್ಯಾಸದ ಕೆಲಸ.

1. ಕವರು ಹಿಡಿದು ಬಂದವರು

ಕಮಲಾಪುರ ಕಡೆಯ ಒಬ್ಬ ರೈತರಿಂದ ಶುರುಮಾಡುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಕೆಂಪು ಬಾಳೆಯ ತೋಟ. ಒಂದು ರಾತ್ರಿ ನಿದ್ದೆಯಿಂದ ದಡಕ್ಕನೆ ಎದ್ದು ಕೂತರಂತೆ. ‘ಎದಿ ಧಡಧಡ ಅಂತದ್ರಿ, ಕೈಕಾಲು ತಣ್ಣಗಾಗ್ತಾವ, ಉಸರು ಸಿಗಂಗಿಲ್ಲ, ಇನ್ನ ಹೋದೆ ಅನಸ್ತದ.’ ಮನೆಯವರು ಗಾಡಿ ಮಾಡಿಕೊಂಡು ಕಲಬುರಗಿಗೆ ತಂದರು. ಇಸಿಜಿ ಆಯಿತು, ಎಕೋ ಆಯಿತು, ಥೈರಾಯ್ಡ್ ಆಯಿತು. ಹೃದಯ ಚೆನ್ನಾಗಿದೆ ಎಂದರು. ಹದಿನೈದು ದಿನಕ್ಕೆ ಮತ್ತೆ ಅದೇ. ಎದೆಯಲ್ಲಿಲ್ಲ ಅಂದಮೇಲೆ ತಲೆಯಲ್ಲಿ ಇರಬೇಕು ಎಂದು ಮಿದುಳಿನ ಎಂಆರ್‌ಐ ಮಾಡಿಸಿದರು. ನಾನೇ ಓದಿದೆ. ನಾರ್ಮಲ್.

ಎರಡು ವರ್ಷದಲ್ಲಿ ಅವರು ಮೂರು ಸಲ ಸ್ಕ್ಯಾನ್ ಮಾಡಿಸಿದರು. ಮೂರನೆಯ ಸಲ ದೊಡ್ಡ ಕವರು ಬಗಲಲ್ಲಿಟ್ಟುಕೊಂಡು ನನ್ನ ಕೋಣೆಯ ಬಾಗಿಲಿಗೇ ಬಂದು ನಿಂತರು. ಬೇರೆ ಬೇರೆ ಊರಿನ ಮೂರು ಕವರುಗಳು, ಒಂದರೊಳಗೊಂದು. ‘ಸಾಹೇಬ್ರ, ಮೂರು ಮಿಷಿನ್ನೂ ಏನೂ ಇಲ್ಲ ಅಂತಾವ. ಹಂಗಾದ್ರ ನಾ ಸುಳ್ಳು ಹೇಳಾಕತ್ತೀನೇನ್ರಿ?’

ನನ್ನಲ್ಲಿ ಉತ್ತರವಿರಲಿಲ್ಲ. ಮನೋವೈದ್ಯರನ್ನು ನೋಡಿ ಎಂದೆ. ಅವರ ಮುಖ ಕಪ್ಪಿಟ್ಟಿತು. ‘ಅಂದ್ರ ನಾ ಹುಚ್ಚ ಅಂದಂಗಾಯ್ತು’ ಎಂದು ಕವರು ಎತ್ತಿಕೊಂಡು ಹೊರಟುಬಿಟ್ಟರು. ಅವರ ಪ್ರಶ್ನೆ ಮಾತ್ರ ನನ್ನ ಮೇಜಿನ ಮೇಲೇ ಉಳಿಯಿತು.

ಅವರಿಗೆ ಇದ್ದದ್ದು ಪ್ಯಾನಿಕ್ ಡಿಸಾರ್ಡರ್, ಅಂದರೆ ಭಯದ ಅಲೆ ಕಾರಣವಿಲ್ಲದೆ ಎದ್ದು ಕೆಲವೇ ನಿಮಿಷದಲ್ಲಿ ತುದಿ ಮುಟ್ಟುವ ಕಾಯಿಲೆ. ಆತಂಕದ ಕಾಯಿಲೆಗಳ ಮನೆತನದಲ್ಲಿ ಇವನೂ ಒಬ್ಬ. ದಿನವಿಡೀ ಯಾವುದಾದರೊಂದು ಚಿಂತೆಯನ್ನು ಮಗ್ಗುಲು ಬದಲಿಸುತ್ತ ಕೂರುವ ಸಾಮಾನ್ಯೀಕೃತ ಆತಂಕ, ನಾಲ್ಕು ಜನರೆದುರು ಬಾಯಿ ಒಣಗಿಸುವ ಸಾಮಾಜಿಕ ಆತಂಕ, ಎತ್ತರಕ್ಕೋ ಹಾವಿಗೋ ಮುಚ್ಚಿದ ಜಾಗಕ್ಕೋ ಅಂಟಿಕೊಂಡ ಫೋಬಿಯಾ, ಇವೆಲ್ಲ ಅವನ ದಾಯಾದಿಗಳು. 2017ರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 4.49 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತೆಂದು ಅಂದಾಜು. ಇವರಲ್ಲಿ ಬಹಳ ಮಂದಿ ‘ನನಗೆ ಆತಂಕ’ ಎಂದು ಹೇಳಿಕೊಂಡು ಬರುವುದಿಲ್ಲ. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ‘ಜೀವ ಕಳವಳ’ ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ದಖನಿಯಲ್ಲಿ ‘ದಿಲ್ ಘಬ್ರಾರಾ’ ಎನ್ನುತ್ತಾರೆ. ಎರಡರಲ್ಲೂ ದೂರು ಇರುವುದು ದೇಹದ್ದು. ದೇಹದ ದೂರಿಗೆ ದೇಹದ ಚಿತ್ರ ಬೇಕು ಎಂದು ಜನ ಕೇಳಿದರೆ ಅದರಲ್ಲಿ ತಪ್ಪೇನಿದೆ?

2. ಯಂತ್ರಕ್ಕೆ ಕಾಣುವುದೇನು?

ಎಂಆರ್‌ಐ ಒಂದು ದೊಡ್ಡ ಅಯಸ್ಕಾಂತ. 3 ಟೆಸ್ಲಾದ ಯಂತ್ರವಾದರೆ ಭೂಮಿಯ ಕಾಂತಶಕ್ತಿಗಿಂತ ಸುಮಾರು 60,000 ಪಟ್ಟು ಬಲ. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಅದರೊಳಗೆ ಒಂದು ಶಿಸ್ತಿಗೆ ಬರುತ್ತವೆ. ರೇಡಿಯೋ ಅಲೆಯಿಂದ ಅವನ್ನು ಕೊಂಚ ತಟ್ಟಿ, ಮರಳಿ ಬರುವ ಸಂಕೇತದಿಂದ ಚಿತ್ರ ಕಟ್ಟುತ್ತೇವೆ. ಮಿದುಳಿನ ಆಕಾರ, ಮಡಿಕೆ, ಗಡ್ಡೆ, ಊತ ಎಲ್ಲ ಕಾಣುತ್ತದೆ. ಇದು ಮನೆಯ ನಕ್ಷೆ ಇದ್ದ ಹಾಗೆ: ಗೋಡೆ ಬಿರುಕು ಬಿಟ್ಟಿದ್ದರೆ ತಿಳಿಯುತ್ತದೆ, ಒಳಗೆ ಜಗಳ ನಡೆದಿದ್ದರೆ ತಿಳಿಯುವುದಿಲ್ಲ. ಬಾಳೆತೋಟದವರಿಗೆ ಮೂರು ಸಲ ಮಾಡಿದ್ದು ಈ ನಕ್ಷೆಯನ್ನು.

ಒಳಗಿನ ನಡೆ ನೋಡಲು ಬೇರೆ ಉಪಾಯ ಬೇಕಾಯಿತು. 1990ರಲ್ಲಿ ಜಪಾನಿನ ಸೇಜಿ ಒಗಾವಾ ಒಂದು ಸೂಕ್ಷ್ಮವನ್ನು ಹಿಡಿದರು: ಆಮ್ಲಜನಕ ಹೊತ್ತ ರಕ್ತ, ಅದನ್ನು ಇಳಿಸಿದ ರಕ್ತ, ಎರಡೂ ಅಯಸ್ಕಾಂತದ ಮುಂದೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಮಿದುಳಿನ ಒಂದು ಜಾಗಕ್ಕೆ ಕೆಲಸ ಹೆಚ್ಚಾದರೆ ಅಲ್ಲಿಗೆ ಹೊಸ ರಕ್ತ ನುಗ್ಗುತ್ತದೆ; ಆ ನುಗ್ಗುವಿಕೆ ಚಿತ್ರದಲ್ಲಿ ಸಿಗುತ್ತದೆ. ಇದೇ ಎಫ್‌ಎಂಆರ್‌ಐ, ಅಂದರೆ ಮಿದುಳಿನ ಕಾರ್ಯಚಿತ್ರಣ.

ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಇದನ್ನು ಹೇಳುವುದು ಸುಲಭ. ಓಣಿಯೊಳಗೆ ನೀರಿನ ಟ್ಯಾಂಕರ್ ಬಂದು ಒಂದು ಮನೆಯ ಮುಂದೆ ನಿಂತರೆ, ಆ ಮನೆಯಲ್ಲಿ ಏನೋ ಇದೆ ಎಂದು ಊಹಿಸುತ್ತೇವೆ. ಮದುವೆಯೋ ಮಯ್ಯತ್ತೋ, ಟ್ಯಾಂಕರ್ ನೋಡಿ ಹೇಳಲಾಗದು. ಮೇಲಾಗಿ ಟ್ಯಾಂಕರ್ ತಡವಾಗಿ ಬರುತ್ತದೆ. ನರಕೋಶದ ಕೆಲಸ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದ್ದು, ರಕ್ತ ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. ಚಿತ್ರದ ಒಂದೊಂದು ಕಾಳಿನಲ್ಲಿಯೂ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಪತ್ರಿಕೆಗಳಲ್ಲಿ ಬೂದು ಮಿದುಳಿನ ಮೇಲೆ ಕೆಂಪು ಹಳದಿ ಬೆಂಕಿ ಹೊತ್ತಿದಂತೆ ಕಾಣುತ್ತದಲ್ಲ, ಅದು ಫೋಟೊ ಅಲ್ಲ. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸದ ಲೆಕ್ಕ. ಬಣ್ಣವನ್ನು ಕಂಪ್ಯೂಟರು ತುಂಬಿದ್ದು.

ಇನ್ನೊಂದು ತೊಡಕನ್ನು ನನ್ನಂಥ ಕೋಣೆಯಲ್ಲಿ ಕೂತವನೇ ಹೇಳಬೇಕು. ಆ ಸುರಂಗದ ಬಾಯಿ 60-70 ಸೆಂಟಿಮೀಟರ್ ಅಗಲ. ತಲೆಗೆ ಪಂಜರದಂಥ ಸಲಕರಣೆ, ಕಿವಿಗೆ ಕಬ್ಬಿಣ ಬಡಿದಂಥ ಸದ್ದು, ಕೈಯಲ್ಲಿ ಹೆದರಿದರೆ ಒತ್ತಲು ಒಂದು ರಬ್ಬರ್ ಬುಗ್ಗೆ. ಗಟ್ಟಿ ಜನರೂ ಅದನ್ನು ಒತ್ತಿ ಹೊರಗೆ ಬಂದಿದ್ದಾರೆ. ಭಯವನ್ನು ಅಳೆಯಲು ಹೊರಟ ಯಂತ್ರ ತಾನೇ ಭಯ ಹುಟ್ಟಿಸುತ್ತದೆ. ಎಲ್ಲರಿಗಿಂತ ಹೆಚ್ಚು ಹೆದರುವವರು ಸುರಂಗದೊಳಗೆ ಹೋಗುವುದೇ ಇಲ್ಲ, ಹಾಗಾಗಿ ಸಂಶೋಧನೆಯ ಲೆಕ್ಕಕ್ಕೂ ಸಿಗುವುದಿಲ್ಲ.

3. ಹಲ್ಲು ಕಚ್ಚಿದ ಕತೆ

ಈ ಕ್ಷೇತ್ರದಲ್ಲಿ ನನಗೆ ಬಹಳ ಇಷ್ಟವಾದ ಕತೆ ಒಂದು ಸೋಲಿನದು. 1980ರ ದಶಕದಲ್ಲಿ ಎಫ್‌ಎಂಆರ್‌ಐ ಇನ್ನೂ ಬಂದಿರಲಿಲ್ಲ. ವಿಕಿರಣ ಸೂಸುವ ದ್ರವ್ಯವನ್ನು ರಕ್ತಕ್ಕೆ ಬಿಟ್ಟು ಅದು ಎಲ್ಲಿ ಸೇರುತ್ತದೆಂದು ನೋಡುವ ಪೆಟ್ ಸ್ಕ್ಯಾನ್ ಇತ್ತು. ಅಮೆರಿಕದ ಸೇಂಟ್ ಲೂಯಿಯಲ್ಲಿ ಎರಿಕ್ ರೈಮನ್, ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 1984ರಲ್ಲಿಯೇ ಪ್ಯಾನಿಕ್ ರೋಗಿಗಳ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸಿದ್ದರು. 1989ರಲ್ಲಿ ಅವರು ಆರೋಗ್ಯವಂತರನ್ನು ಮಲಗಿಸಿ, ನೋವಾಗುವಂಥ ವಿದ್ಯುತ್ ಶಾಕ್ ಕೊಡುತ್ತೇವೆ ಎಂದು ಹೇಳಿ, ಕಾಯುವ ಹೊತ್ತಿನ ಚಿತ್ರ ತೆಗೆದರು. ಮಿದುಳಿನ ಎರಡೂ ಬದಿಯಲ್ಲಿ, ಕಪೋಲಪಾಲಿಯ ತುದಿಯಲ್ಲಿ, ರಕ್ತ ಏರಿತ್ತು. ಆತಂಕದ ಜಾಗ ಸಿಕ್ಕಿತು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಮೂರು ವರ್ಷದ ನಂತರ, 1992ರಲ್ಲಿ, ಅದೇ ಪ್ರಯೋಗಾಲಯದಿಂದ, ವೇಯ್ನ್ ಡ್ರೆವೆಟ್ಸ್ ಮತ್ತು ಅದೇ ರೈಕಲ್ ಸೇರಿ, ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದರು. ಆ ಬೆಳಕು ಮಿದುಳಿನದಾಗಿರಲಿಲ್ಲ. ಶಾಕ್‌ಗೆ ಕಾಯುತ್ತ ಜನ ಹಲ್ಲು ಕಚ್ಚಿದ್ದರು. ಕಿವಿಯ ಮೇಲ್ಗಡೆ ದವಡೆ ಎತ್ತುವ ಸ್ನಾಯು ಇದೆ. ಈಗಲೇ ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಉಬ್ಬುತ್ತದೆ. ಆ ಸ್ನಾಯುವಿಗೆ ಹರಿದ ರಕ್ತವನ್ನು ತಲೆಬುರುಡೆಯ ಒಳಗಿನದೆಂದು ಓದಲಾಗಿತ್ತು.

ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ನಗುತ್ತಾರೆ. ನಾನೂ ನಗುತ್ತಿದ್ದೆ. ಈಗ ಇದರಲ್ಲಿ ನನಗೆ ಎರಡು ಸಂಗತಿ ಕಾಣುತ್ತವೆ. ಒಂದು, ತಪ್ಪು ಮಾಡಿದವರ ಮನೆಯಿಂದಲೇ ತಿದ್ದುಪಡಿ ಬಂತು. ಇನ್ನೊಂದು, ಆ ಚಿತ್ರ ಸುಳ್ಳು ಹೇಳಿರಲಿಲ್ಲ. ಓದಿದವರು ಜಾಗ ತಪ್ಪಿದ್ದರು. ಕಾಯುವವನು ಹಲ್ಲು ಕಚ್ಚುತ್ತಾನೆ ಎಂಬುದು ಅಪ್ಪಟ ನಿಜ. ಆತಂಕವನ್ನು ತಲೆಯೊಳಗೆ ಹುಡುಕುತ್ತಿದ್ದವರಿಗೆ ಅದು ದವಡೆಯಲ್ಲಿ ಸಿಕ್ಕಿತು.

4. ಬಾದಾಮಿಯ ಮೇಲೆ ಹೊರಿಸಿದ ಹೊರೆ

ಆತಂಕದ ಚಿತ್ರಗಳಲ್ಲಿ ಪದೇಪದೇ ಬರುವ ಹೆಸರು ಅಮಿಗ್ಡಲ. ಕಿವಿಗಳ ಮಟ್ಟಕ್ಕೆ ಒಳಗಡೆ, ಎರಡು ಬದಿಗೂ ಒಂದೊಂದು, ಬಾದಾಮಿ ಆಕಾರದ ಗಂಟು. ಅಪಾಯದ ಸುಳಿವನ್ನು ಬೇಗ ಹಿಡಿದು ಎದೆಬಡಿತ, ಉಸಿರು, ಬೆವರುಗಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸಗಳಲ್ಲಿ ಒಂದು. ಅಮಿತ್ ಎಟ್ಕಿನ್, ಟಾರ್ ವೇಗರ್ ಇಬ್ಬರೂ 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಫೋಬಿಯಾ, ಸಾಮಾಜಿಕ ಆತಂಕ, ಆಘಾತದ ನಂತರದ ಒತ್ತಡ ಈ ಮೂರರಲ್ಲಿಯೂ ಅಮಿಗ್ಡಲದ ಜೊತೆ ಇನ್ಸುಲಾ ಎಂಬ ಇನ್ನೊಂದು ಭಾಗ ಹೆಚ್ಚು ಕೆಲಸ ಮಾಡುತ್ತಿತ್ತು. ಇನ್ಸುಲಾ ಎಂದರೆ ಮೈಯೊಳಗಿನ ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿ ಎನ್ನಬಹುದು: ಎದೆ ಹೇಗೆ ಬಡಿಯುತ್ತಿದೆ, ಹೊಟ್ಟೆ ಹೇಗಿದೆ, ಉಸಿರು ಸಾಲುತ್ತಿದೆಯೇ.

ಈ ಮಾತು ಕೇಳಿದಾಗ ಬಾಳೆತೋಟದವರ ದೂರು ನೆನಪಾಗುತ್ತದೆ. ಅವರ ಎದೆ ಸುಳ್ಳು ಬಡಿದಿರಲಿಲ್ಲ. ಎದೆಯ ಸದ್ದನ್ನು ಕೇಳುವ ಕಿವಿ ಮಿತಿಮೀರಿ ಚುರುಕಾಗಿತ್ತು, ಕೇಳಿದ್ದನ್ನು ಅಪಾಯವೆಂದು ಸಾರುವ ಡಂಗುರದವನು ಆತುರಪಟ್ಟಿದ್ದ.

ಹಾಗಂತ ಬಾದಾಮಿಯೇ ಭಯದ ಮನೆ ಎಂದು ತೀರ್ಮಾನಿಸಿದರೆ ಮತ್ತೆ ಹಲ್ಲು ಕಚ್ಚಿದ ಕತೆಯೇ ಆದೀತು. ಅಮೆರಿಕದಲ್ಲಿ ಎಸ್‌ಎಂ ಎಂಬ ಅಕ್ಷರಗಳಿಂದ ಮಾತ್ರ ಗುರುತಿಸುವ ಮಹಿಳೆಯೊಬ್ಬರಿದ್ದಾರೆ. ಅಪರೂಪದ ಕಾಯಿಲೆಯೊಂದು ಅವರ ಎರಡೂ ಅಮಿಗ್ಡಲಗಳನ್ನು ಹಾಳುಮಾಡಿತ್ತು. ಹಾವು, ಜೇಡ, ಭೂತಬಂಗಲೆ ಯಾವುದಕ್ಕೂ ಅವರು ಹೆದರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. 2013ರಲ್ಲಿ ಅದೇ ಸಂಶೋಧಕರು ಅವರಿಗೂ, ಅದೇ ಕಾಯಿಲೆಯಿದ್ದ ಬೇರೆ ಇಬ್ಬರು ಅವಳಿ ಸೋದರಿಯರಿಗೂ ಶೇ. 35 ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಉಸಿರು ಎಳೆಸಿದರು. ಮೂವರಿಗೂ ಪ್ಯಾನಿಕ್ ಹತ್ತಿತು. ಹೊರಗಿನ ಹಾವಿಗೆ ಹೆದರುವ ದಾರಿ ಬೇರೆ, ಒಳಗೆ ಉಸಿರು ಕಟ್ಟಿದಾಗ ಹೆದರುವ ದಾರಿ ಬೇರೆ. ಭಯಕ್ಕೆ ಒಂದೇ ಮನೆ ಇಲ್ಲ, ಒಂದು ಇಡೀ ಓಣಿ ಇದೆ.

5. ಬೆಂಗಳೂರಿನ ಇಲಿಗಳು

ಇಷ್ಟು ಹೊತ್ತು ದೂರದ ಕತೆ ಹೇಳಿದೆ. ಈ ವಿಷಯದ ಬಹಳ ಗಟ್ಟಿಯಾದ ಚಿತ್ರಗಳಲ್ಲಿ ಕೆಲವು ನಮ್ಮ ರಾಜ್ಯದಲ್ಲೇ ತೆಗೆದವು. ಅವನ್ನು ತೆಗೆದದ್ದು ಸ್ಕ್ಯಾನರ್ ಅಲ್ಲ, ಸೂಕ್ಷ್ಮದರ್ಶಕ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ, ಅಜಯ್ ವ್ಯಾಸ್, ರೂಪ್ಶಿ ಮಿತ್ರ, ಮತ್ತು ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಸೇರಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ಆಮೇಲೆ ಒಂದೊಂದು ನರಕೋಶದ ಕೊಂಬೆರೆಂಬೆಗಳನ್ನು ಬಿಡಿಸಿ ಎಣಿಸಿದರು. 2002ರಲ್ಲಿ ಫಲಿತಾಂಶ ಬಂತು. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಕುಗ್ಗಿದ್ದವು. ಅದೇ ಇಲಿಯ ಅಮಿಗ್ಡಲದಲ್ಲಿ ಕೊಂಬೆಗಳು ಬೆಳೆದಿದ್ದವು. ಒಂದೇ ಒತ್ತಡ ಒಂದು ಕಡೆ ಗಿಡ ಒಣಗಿಸಿ ಇನ್ನೊಂದು ಕಡೆ ಹಬ್ಬಿಸಿತ್ತು.

2004ರಲ್ಲಿ ಮುಂದಿನ ಪ್ರಶ್ನೆ ಕೇಳಿದರು: ಒತ್ತಡ ನಿಲ್ಲಿಸಿ 21 ದಿನ ನೆಮ್ಮದಿಯಾಗಿ ಬಿಟ್ಟರೆ? ಅಮಿಗ್ಡಲದ ಬೆಳವಣಿಗೆ ಹಾಗೇ ಉಳಿಯಿತು, ಇಲಿಯ ಹೆದರಿಕೆಯೂ ಉಳಿಯಿತು. 2005ರಲ್ಲಿ ಇನ್ನೂ ವಿಚಿತ್ರವಾದದ್ದು ಸಿಕ್ಕಿತು. ಒಂದೇ ಒಂದು ಸಲ, 2 ಗಂಟೆ ಮಾತ್ರ, ಇಲಿಯನ್ನು ಹಿಡಿದಿಟ್ಟರು. ಮರುದಿನ ನೋಡಿದರೆ ಏನೂ ಇಲ್ಲ. 10 ದಿನ ಬಿಟ್ಟು ನೋಡಿದರೆ ಅಮಿಗ್ಡಲದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು, ಅಂದರೆ ಹೊಸ ಸಂಪರ್ಕದ ಮೊಳಕೆಗಳು, ಜೊತೆಗೆ ಹೆದರಿಕೆ.

ಮರುದಿನ ‘ಏನೂ ಇಲ್ಲ’ ಎಂದು ಬರೆಯಬಹುದಾಗಿದ್ದ ಇಲಿ ಅದು. ಹತ್ತು ದಿನ ತಾಳಿದ್ದರಿಂದ ಕಂಡಿತು. ಇಲಿಯ ಲೆಕ್ಕವನ್ನು ಮನುಷ್ಯರಿಗೆ ನೇರ ಹಚ್ಚಬಾರದು. ಆದರೂ ಸಾಲ ಕೊಟ್ಟವನು ಮನೆಗೆ ಬಂದು ಹೋದ ದಿನ ಗಟ್ಟಿಯಾಗಿದ್ದವರು, ವಾರ ಕಳೆದ ಮೇಲೆ ಯಾಕೆ ನಡುರಾತ್ರಿ ಎದ್ದು ಕೂರುತ್ತಾರೆ ಎಂದು ಯೋಚಿಸುವಾಗ ಈ ಇಲಿಗಳು ನನಗೆ ನೆನಪಾಗುತ್ತವೆ.

ಮನುಷ್ಯರ ಚಿತ್ರಗಳ ಕೆಲಸವೂ ನಿಮ್ಹಾನ್ಸ್‌ನಲ್ಲಿ ನಡೆದಿದೆ. ಗೀಳು ರೋಗ, ಅಂದರೆ ಒಸಿಡಿ, 2013ರವರೆಗೆ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಆತಂಕದ ಕಾಯಿಲೆಗಳ ಜೊತೆಗೇ ಇತ್ತು. ಅದಕ್ಕೆಂದೇ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಚಿಕಿತ್ಸಾಲಯವಿದೆ, ಅಲ್ಲಿಯ ಮಿದುಳಿನ ಚಿತ್ರಗಳು ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟದ ಒಟ್ಟು ಲೆಕ್ಕದಲ್ಲಿ ಸೇರಿವೆ. ಬೇರೆ ದೇಶದ ಮಿದುಳನ್ನು ಅಳತೆಗೋಲು ಮಾಡಿಕೊಂಡು ನಮ್ಮವರನ್ನು ಅಳೆಯಬಾರದೆಂದು 466 ಭಾರತೀಯರ ಚಿತ್ರಗಳಿಂದ, 6ರಿಂದ 60 ವರ್ಷದವರೆಗಿನ ಮಾದರಿ ಮಿದುಳುಗಳನ್ನು 2020ರಲ್ಲಿ ಅಲ್ಲಿಯವರು ಸಿದ್ಧಪಡಿಸಿದರು. ಇಂಥ ಅಧ್ಯಯನಗಳಲ್ಲಿ ಹೆದರಿದ ಮುಖಗಳನ್ನು ತೋರಿಸಿ ಮಿದುಳು ಹೇಗೆ ಸ್ಪಂದಿಸುತ್ತದೆಂದು ನೋಡುವ ರೂಢಿ ಇದೆ. ಪರದೇಶದ ಮುಖ ಏಕೆ ಎಂದು ಇಲ್ಲಿಯ ನಟರಿಂದ ಭಾವ ಮಾಡಿಸಿ ಮುಖಗಳ ಒಂದು ಕಟ್ಟನ್ನೂ ನಿಮ್ಹಾನ್ಸ್ ಮಾಡಿಕೊಂಡಿದೆ.

2011ರಲ್ಲಿ ಅಲ್ಲಿಂದಲೇ ಬಂದ ಒಂದು ಸಣ್ಣ ಅಧ್ಯಯನ ದೊಡ್ಡ ಸುದ್ದಿಯಾಯಿತು. ಆರೋಗ್ಯವಂತ 12 ಮಂದಿ ಸುರಂಗದೊಳಗೆ ಓಂಕಾರ ಹೇಳಿದಾಗ ಬಲ ಅಮಿಗ್ಡಲ ಸೇರಿ ಭಾವನೆಯ ಹಲವು ಜಾಗಗಳು ತಣ್ಣಗಾದವು; ಬರಿಯ ‘ಸ್ಸ್ಸ್’ ಎಂದಾಗ ಹಾಗಾಗಲಿಲ್ಲ. ಸಂಶೋಧಕರು ಇದು ಮೊದಲ ಹೆಜ್ಜೆ ಎಂದೇ ಬರೆದಿದ್ದರು. ವಾಟ್ಸಾಪಿನಲ್ಲಿ ಅದು ‘ಸಾಬೀತು’ ಆಯಿತು. 12 ಜನ, ಅದೂ ಕಾಯಿಲೆ ಇಲ್ಲದವರು. ಕುತೂಹಲಕ್ಕೆ ಸಾಕು, ತೀರ್ಪಿಗೆ ಸಾಲದು.

6. ತೊಗರಿ ರಾಶಿಯ ಲೆಕ್ಕ

ಹಾಗಾದರೆ ನನ್ನ ರೈತನಿಗೆ ನಾಲ್ಕನೆಯ ಸಲ ಎಫ್‌ಎಂಆರ್‌ಐ ಮಾಡಿಸಿ, ‘ನೋಡ್ರಿ, ನಿಮ್ಮ ಆತಂಕ ಇಲ್ಲಿದೆ’ ಎಂದು ತೋರಿಸಬಹುದೇ? ಆಗುವುದಿಲ್ಲ. ಯಾಕೆಂದು ತೊಗರಿ ಬೆಳೆಯುವ ಜಿಲ್ಲೆಯವರಿಗೆ ಬೇಗ ತಿಳಿಯುತ್ತದೆ.

ಎರಡು ಊರಿನ ತೊಗರಿ ರಾಶಿ ಇದೆ ಎನ್ನಿ. ಒಂದೊಂದರಿಂದ ಸಾವಿರ ಕಾಳು ತೂಗಿದರೆ ಒಂದು ಊರಿನ ಸರಾಸರಿ ಕಾಳು ಕೊಂಚ ದಪ್ಪ ಎಂದು ಗೊತ್ತಾಗುತ್ತದೆ, ಅದು ನಿಜವೂ ಹೌದು. ಈಗ ನಿಮ್ಮ ಅಂಗೈ ಮೇಲೆ ಒಂದೇ ಒಂದು ಕಾಳಿಟ್ಟು ಇದು ಯಾವ ಊರಿನದು ಎಂದರೆ? ಎರಡೂ ರಾಶಿಯಲ್ಲಿ ದಪ್ಪವೂ ಇವೆ, ಸಣ್ಣವೂ ಇವೆ. ಆತಂಕದ ಮಿದುಳುಚಿತ್ರಗಳು ರಾಶಿಯ ಸತ್ಯ ಹೇಳುತ್ತವೆ. ಕಾಳಿನ ಸತ್ಯ ಹೇಳುವಷ್ಟು ಅವು ಇನ್ನೂ ಬೆಳೆದಿಲ್ಲ.

ರಾಶಿಯ ಸತ್ಯಕ್ಕೂ ಬಹಳ ಕಾಳು ಬೇಕು. ಬಹುಕಾಲ ಇಪ್ಪತ್ತು, ಇಪ್ಪತ್ತೈದು ಜನರ ಅಧ್ಯಯನಗಳೇ ಹೆಚ್ಚಿದ್ದವು. ಸುಮಾರು 50,000 ಜನರ ಚಿತ್ರಗಳನ್ನು ಜಾಲಾಡಿದ 2022ರ ಒಂದು ದೊಡ್ಡ ಅಧ್ಯಯನ, ಮಿದುಳಿನ ವ್ಯತ್ಯಾಸವನ್ನು ಮನಸ್ಸಿನ ಗುಣಕ್ಕೆ ಜೋಡಿಸಿ ನಂಬಿಕೆಯಿಂದ ಹೇಳಬೇಕಾದರೆ ಸಾವಿರಾರು ಜನ ಬೇಕೆಂದಿತು. ಲೆಕ್ಕದ ಎಚ್ಚರ ತಪ್ಪಿದರೆ ಏನಾಗುತ್ತದೆಂದು ಕ್ರೇಗ್ ಬೆನೆಟ್ ಮತ್ತು ಗೆಳೆಯರು 2009ರಲ್ಲಿ ತೋರಿಸಿದ್ದರು: ಸತ್ತ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಮನುಷ್ಯರ ಫೋಟೊ ‘ತೋರಿಸಿದರೆ’, ಅದರ ಮಿದುಳಿನಲ್ಲಿಯೂ ಒಂದು ಚುಕ್ಕೆ ಬೆಳಗಿತು! ಲಕ್ಷ ಕಡೆ ಹುಡುಕಿದರೆ ಒಂದು ಕಡೆ ಸುಳ್ಳು ಸಿಕ್ಕೇ ಸಿಗುತ್ತದೆ.

ಆದ್ದರಿಂದ ಇವತ್ತಿಗೂ ಆತಂಕದ ಕಾಯಿಲೆಯನ್ನು ಗುರುತಿಸುವುದು ಮಾತಿನಿಂದ: ಯಾವಾಗ ಬಂತು, ಎಷ್ಟು ಹೊತ್ತಿತ್ತು, ಯಾವುದನ್ನು ಬಿಡಿಸಿತು, ಸಂತೆಗೆ ಹೋಗುವುದು ನಿಂತಿದೆಯೇ, ಬಸ್ ಹತ್ತುವುದು ನಿಂತಿದೆಯೇ. ಸ್ಕ್ಯಾನ್ ಕೇಳುವುದು ಬೇರೆ ಕಾರಣಕ್ಕೆ, ಮೂರ್ಛೆಯೋ ಗಡ್ಡೆಯೋ ಆತಂಕದ ವೇಷ ಹಾಕಿಕೊಂಡು ಬಂದಿದೆಯೇ ಎಂಬ ಅನುಮಾನ ಬಂದಾಗ. ನಾನು ‘ನಾರ್ಮಲ್’ ಎಂದು ಬರೆದಾಗ ಉತ್ತರಿಸುವುದು ಆ ಪ್ರಶ್ನೆಯನ್ನು ಮಾತ್ರ. ಕೇಳದ ಪ್ರಶ್ನೆಗೂ ನನ್ನ ಪದ ಉತ್ತರವಾಗಿಬಿಟ್ಟಿತ್ತು, ತಪ್ಪಾಗಿದ್ದು ಅಲ್ಲಿ.

7. ಗುಣವಾದರೆ ಚಿತ್ರವೂ ಬದಲಾಗುತ್ತದೆ

ಹಾಗಿದ್ದರೆ ನಲವತ್ತು ವರ್ಷದ ಈ ಚಿತ್ರಗಳಿಂದ ರೋಗಿಗೆ ಬಂದದ್ದೇನು? ನನ್ನ ಉತ್ತರ ಎರಡು ಅಧ್ಯಯನಗಳಲ್ಲಿದೆ.

1992ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಗೀಳಿನ ರೋಗಿಗಳಲ್ಲಿ ಕೆಲವರಿಗೆ ಫ್ಲುಆಕ್ಸೆಟಿನ್ ಮಾತ್ರೆ ಕೊಟ್ಟಿತು, ಕೆಲವರಿಗೆ ಮಾತ್ರೆಯಿಲ್ಲದ ವರ್ತನಾ ಚಿಕಿತ್ಸೆ. ಗುಣ ಕಂಡವರ ಪೆಟ್ ಚಿತ್ರಗಳಲ್ಲಿ, ಎರಡೂ ಗುಂಪಿನಲ್ಲಿ, ಮಿದುಳಿನ ಅದೇ ಜಾಗ, ಬಲಗಡೆಯ ಕಾಡೇಟ್, ಶಾಂತವಾಗಿತ್ತು. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ತೋಮಸ್ ಫುರ್ಮಾರ್ಕ್ ಮತ್ತು ಸಂಗಡಿಗರು ಸಾಮಾಜಿಕ ಆತಂಕದ 18 ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಜನರೆದುರು ಭಾಷಣ ಮಾಡಿಸಿದರು. ಇವತ್ತು ಇಲ್ಲಿ ನಿಂತ ನನಗೆ ಅವರ ಪಾಡು ಚೆನ್ನಾಗಿ ಅರ್ಥವಾಗುತ್ತದೆ! ಕೆಲವರಿಗೆ ಸಿಟಾಲೋಪ್ರಾಂ ಮಾತ್ರೆ, ಕೆಲವರಿಗೆ ಮಾತಿನ ಚಿಕಿತ್ಸೆ, ಕೆಲವರಿಗೆ ಸದ್ಯ ಏನೂ ಇಲ್ಲ. 9 ವಾರದ ಮೇಲೆ ಮತ್ತೆ ಭಾಷಣ. ಸುಧಾರಿಸಿದವರಲ್ಲಿ, ಮಾತ್ರೆಯಿಂದಿರಲಿ ಮಾತಿನಿಂದಿರಲಿ, ಅಮಿಗ್ಡಲದ ಸುತ್ತಿನ ರಕ್ತ ಇಳಿದಿತ್ತು.

ಇವೂ ಸಣ್ಣ ಅಧ್ಯಯನಗಳೇ. ರಾಶಿಯ ಎಚ್ಚರ ಇವಕ್ಕೂ ಸಲ್ಲಬೇಕು. ಆದರೂ ಇವು ಒಂದು ಹಳೆಯ ಗೋಡೆಯನ್ನು ಅಲುಗಿಸಿದವು. ದೇಹದ ರೋಗಕ್ಕೆ ಔಷಧ, ಮನಸ್ಸಿನ ರೋಗಕ್ಕೆ ಬುದ್ಧಿಮಾತು ಎಂಬ ಗೋಡೆ ಅದು. ಮಾತೂ ಮಿದುಳನ್ನು ಮುಟ್ಟುತ್ತದೆ. ಬುದ್ಧಿಮಾತಲ್ಲ, ‘ಧೈರ್ಯ ತಗೋ’ ಎಂಬುದಲ್ಲ. ಹೆದರುವ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಮರಳಿ ಹೋಗಿ, ಅಲೆ ಏರಿ ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲುವುದನ್ನು ಕಲಿಸುವ ಮಾತು. ಕಲಿತ ಭಯವನ್ನು ಮರೆಯುವುದೂ ಒಂದು ಕಲಿಕೆ.

8. ದರ್ಗಾ, ಗಾಣಗಾಪುರ, ಆಸ್ಪತ್ರೆ

ರೋಜಾದಲ್ಲಿ ನಿಂತು ಮಾತಾಡುವವನು ಇದನ್ನು ಹೇಳದೆ ಹೋದರೆ ಅರ್ಧ ಸುಳ್ಳಾಗುತ್ತದೆ. ನಮ್ಮಲ್ಲಿ ಜೀವ ಗಾಬರಿಯಾದ ಹಲವರು ಮೊದಲು ಹೋಗುವುದು ಆಸ್ಪತ್ರೆಗಲ್ಲ. ದರ್ಗಾದ ಹೊಸ್ತಿಲಿಗೆ ಹೋಗುತ್ತಾರೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಆರತಿಗೆ ಹೋಗುತ್ತಾರೆ. ಗಾಳಿ, ಅಸರ್, ದೃಷ್ಟಿ ಎನ್ನುತ್ತಾರೆ. ಕಲಿತವರು ಇದನ್ನು ನೋಡಿ ನಗುವುದು ಸುಲಭ.

2002ರಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಹೋದ್ಯೋಗಿಗಳು ನಗದೆ ಅಳತೆ ಮಾಡಿದರು. ತಮಿಳುನಾಡಿನ ಒಂದು ಗುಡಿಯಲ್ಲಿ ವಾರಗಟ್ಟಲೆ ತಂಗಿದ್ದ, ಗಂಭೀರ ಮನೋರೋಗದ 31 ಜನರನ್ನು ಬಂದಾಗಲೂ ಹೋಗುವಾಗಲೂ ಪರೀಕ್ಷಿಸಿದರು. ರೋಗಲಕ್ಷಣದ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಪೂಜೆಯೇನೂ ಇರಲಿಲ್ಲ. ಬೆದರಿಕೆಯಿಲ್ಲದ, ಒಪ್ಪಿಕೊಳ್ಳುವ ಒಂದು ಜಾಗ ಇತ್ತು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಗುಡಿಸಲಿನಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋಗಿದ್ದರು. 28 ಜೀವ. ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಹೊಸ್ತಿಲು ಸಮಾಧಾನ ಕೊಡಬಲ್ಲದು. ಸರಪಳಿ ಯಾರಿಗೂ ಕೊಟ್ಟಿಲ್ಲ.

ದರ್ಗಾಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿಂದ ಬರುವಾಗ ಆಸ್ಪತ್ರೆಯನ್ನೂ ದಾರಿಯಲ್ಲಿ ಹಾಕಿಕೊಳ್ಳಿ ಎನ್ನುತ್ತೇನೆ. ‘ನಿನಗ ಏನೂ ಇಲ್ಲ’ ಎಂದು ದರ್ಗಾದಲ್ಲಿ ಯಾರೂ ಹೇಳುವುದಿಲ್ಲ. ಜನ ಅಲ್ಲಿಗೆ ಮೊದಲು ಹೋಗುವುದಕ್ಕೆ ಅದೂ ಒಂದು ಕಾರಣ ಇದ್ದೀತು. ಈ ವಿಷಯದಲ್ಲಿ ನಾವು ಬಿಳಿ ಕೋಟಿನವರು ಅವರಿಂದ ಕಲಿಯುವುದಿದೆ.

9. ವರದಿಯ ಕೊನೆಯ ಸಾಲು

ನಮ್ಮ ಭಾಗದವರು ಒಂದು ಸಂಗತಿಗೆ ಹೆಮ್ಮೆ ಪಡಬೇಕು. ಮನೋವೈದ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಶುರುಮಾಡಿದ್ದು ಬಳ್ಳಾರಿಯಲ್ಲಿ. ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಸರಳ ಔಷಧಗಳನ್ನು ಹಳ್ಳಿಗೆ ಮುಟ್ಟಿಸಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅದರಲ್ಲಿ ಸ್ಕ್ಯಾನರಿಗೆ ಪಾತ್ರವೇ ಇರಲಿಲ್ಲ. ಈಗ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಒಂದು ಎಂಆರ್‌ಐಗೆ ತೆರುವ ದುಡ್ಡಿನಲ್ಲಿ ಆತಂಕದ ಮಾತ್ರೆ ಎಷ್ಟೋ ತಿಂಗಳು ಬರುತ್ತದೆ.

ಹಾಗಾದರೆ ನನ್ನ ಕತ್ತಲೆ ಕೋಣೆಯಲ್ಲಿ ಬದಲಾಗಿದ್ದೇನು? ವರದಿಯ ಪದ ಬದಲಾಗಿಲ್ಲ. ಕಾಣದ್ದನ್ನು ಕಂಡೆ ಎಂದು ಬರೆಯಲು ಬರುವುದಿಲ್ಲ, ಹಲ್ಲು ಕಚ್ಚಿದ ಕತೆ ಕಲಿಸಿದ ಮೊದಲ ಪಾಠ ಅದು. ಆದರೆ ಕವರು ಕೊಡುವಾಗ ಎದ್ದು ಹೊರಗೆ ಬರುತ್ತೇನೆ. ‘ಈ ಚಿತ್ರದಾಗ ಗಡ್ಡಿ ಇಲ್ರಿ. ನಿಮ್ಮ ತ್ರಾಸು ಖರೇ ಅದ. ಅದನ್ನ ನೋಡೋ ಶಕ್ತಿ ಈ ಮಿಷಿನ್ನಿಗಿಲ್ಲ, ನೋಡಿ ಗುಣ ಮಾಡೋ ಡಾಕ್ಟರು ಬ್ಯಾರೆ ಇದ್ದಾರ’ ಎಂದು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಾನು ಎಷ್ಟೋ ವರ್ಷ ಯಾರಿಗೂ ಕೊಟ್ಟಿರಲಿಲ್ಲ.

ಬಾಳೆತೋಟದವರು ಕಳೆದ ವರ್ಷ ಮತ್ತೆ ಬಂದಿದ್ದರು. ಕೈಯಲ್ಲಿ ಕವರು ಇತ್ತು, ನನ್ನ ಎದೆ ಝಲ್ಲೆಂದಿತು. ಅವರದಲ್ಲ, ಅತ್ತೆಯವರದು, ಮೊಣಕಾಲಿನದು. ತಾಲ್ಲೂಕು ಆಸ್ಪತ್ರೆಯ ಮಂಗಳವಾರಕ್ಕೆ ಹೆಂಡತಿ ಎಳೆದುಕೊಂಡು ಹೋಗಿದ್ದಳೆಂದೂ, ಆರು ತಿಂಗಳು ಮಾತ್ರೆ ನುಂಗಿ ಬಿಟ್ಟೆನೆಂದೂ ಹೇಳಿದರು. ಈಗ ಎದೆ ಬಡಿದುಕೊಳ್ಳುವುದು ನಿಂತಿತೇ ಎಂದು ಕೇಳಿದೆ.

‘ಬರ್ತದ್ರಿ. ಬಂದು ಹೋಗ್ತದ. ಅದು ಬಂದಾಗ ನಾ ಎಲ್ಲೂ ಓಡಂಗಿಲ್ಲ.’